ಕಾಲರಿನೊಳಗಿನ ಗುರುತು

ಲಾಂಡ್ರಿಯಿಂದ ಬಂದ ಕಟ್ಟು ಬಿಚ್ಚಿದರೆ ಮೇಲೆಯೇ ಗಂಡನ ಶರ್ಟು. ಬಿಳಿಯದು, ಗಂಜಿ ಹಾಕಿ ಗರಿಗರಿಯಾಗಿ ಇಸ್ತ್ರಿ ಮಾಡಿದ್ದು. ಅದರ ಕೆಳಗೆ ಅವಳ ಎರಡು ಪ್ಯಾಂಟು, ಒಂದು ಹೊದಿಕೆ. ಅವಳ ನೀಲಿ ಶರ್ಟು ಮಾತ್ರ ಇರಲಿಲ್ಲ. ಅದು ಎಲ್ಲಿರಬಹುದೆಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ಎರಡು ಬೀದಿ ಆಚೆ, ಗಂಡನಿರುವ ಆ ಮನೆಯ ಮಂಚದ ಮೇಲೆ ಮಡಿಸಿಕೊಂಡು ಕೂತಿರುತ್ತದೆ.

ಮನೆ ಬಿಟ್ಟು ಬಂದು ಮೂರು ತಿಂಗಳಾಗಿತ್ತು. ಹೀಗಾಗುತ್ತಿರುವುದು ಎರಡನೇ ಸಲ. ಹೋದ ಸಲ ಟವೆಲುಗಳು ಅದಲುಬದಲಾದಾಗ ಅವಳೇ ಹೋಗಿ, ಎಂಟು ವರ್ಷ ತನ್ನ ಕೈಯಲ್ಲೇ ಕೀಲಿ ಇದ್ದ ಬಾಗಿಲಿನ ಗಂಟೆ ಒತ್ತಿ ನಿಂತಿದ್ದಳು. ಅವನು ಬಾಗಿಲು ತೆರೆದು, ನೆಂಟರನ್ನು ಕರೆಯುವ ಹಾಗೆ, "ಬಾ, ಕೂತ್ಕೋ, ಟೀ ಮಾಡ್ತೀನಿ" ಅಂದಿದ್ದ. ಜಗಳವಾಡಿದ್ದರೂ ಸಹಿಸಬಹುದಿತ್ತು. ಆ ಉಪಚಾರವನ್ನು ಅವಳಿಗೆ ಅರಗಿಸಿಕೊಳ್ಳಲಾಗಲಿಲ್ಲ. ಇನ್ನೊಂದು ಸಲ ಈ ಗಂಟೆ ಒತ್ತುವುದಿಲ್ಲವೆಂದು ಮೆಟ್ಟಿಲಿಳಿಯುವಾಗಲೇ ನಿಶ್ಚಯಿಸಿದ್ದಳು.

ಶರ್ಟನ್ನು ಚೀಲಕ್ಕೆ ಹಾಕಿಕೊಂಡು ಲಾಂಡ್ರಿಗೆ ಹೊರಟಳು. ಹೇಗೂ ಅಲ್ಲಿ ಇನ್ನೊಂದು ಕೆಲಸವಿತ್ತು. ಕಂಪನಿಗಳಿಗೆ ಲೋಗೋ ಬರೆದುಕೊಡುವುದು ಅವಳ ಕಸುಬು. ಗಂಡ ಹೆಂಡತಿ ಸೇರಿ ನಡೆಸುತ್ತಿದ್ದ ಆಫೀಸನ್ನು ಮನೆಯ ಜೊತೆಗೇ ಬಿಟ್ಟು ಬಂದ ಮೇಲೆ ಸಿಕ್ಕಿದ ಮೊದಲ ಕೆಲಸವೇ ಲಾಂಡ್ರಿಯ ಹೊಸ ಬೋರ್ಡು. ಲಾಂಡ್ರಿಯ ಅಜ್ಜನಿಗೆ ಬೋರ್ಡೂ ಬೇಕಾಗಿರಲಿಲ್ಲ, ಲೋಗೋನೂ ಬೇಕಾಗಿರಲಿಲ್ಲ. ಅವನ ಸೊಸೆ ಹಟ ಹಿಡಿದು ಕೊಡಿಸಿದ್ದಳು.

ಗುರುತು ಸರಳವಾಗಿರಬೇಕು, ಒಂದೇ ಬಣ್ಣದಲ್ಲಿ ನಿಲ್ಲಬೇಕು, ಉಗುರಿನಷ್ಟು ಚಿಕ್ಕದು ಮಾಡಿದರೂ ತಿಳಿಯಬೇಕು. ಮೀಟಿಂಗುಗಳಲ್ಲಿ ಇದನ್ನು ಹೇಳಿ ಹೇಳಿ ಅವಳ ಬಾಯಿ ಸವೆದಿತ್ತು. ಆದರೆ ತನ್ನದೇ ಮೊದಲ ಕೆಲಸವೆಂಬ ಹುರುಪಿನಲ್ಲಿ ಮೂರು ವಾರ ಕೂತು ಅವಳು ಬರೆದುಕೊಟ್ಟದ್ದು ನಾಲ್ಕು ಬಗೆಯ ನೀಲಿಯ ಇಸ್ತ್ರಿಪೆಟ್ಟಿಗೆ, ಅದರ ಮೈಮೇಲೆ ಹೊಳಪು, ಸುತ್ತ ಸುರುಳಿ ಸುರುಳಿಯಾಗಿ ಹಬೆ. ಗಂಡ ನೋಡಿದ್ದರೆ ಏನನ್ನುತ್ತಿದ್ದನೆಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದದ್ದಕ್ಕೇ ಇನ್ನೆರಡು ಸುರುಳಿ ಸೇರಿಸಿದ್ದಳು.

ಗಲ್ಲೆಯಲ್ಲಿದ್ದ ಸೊಸೆ ಅವಳನ್ನು ಕಂಡದ್ದೇ ನಾಲಿಗೆ ಕಚ್ಚಿಕೊಂಡಳು. "ಅಕ್ಕಾ, ಮಾವ ಒಂದು ಅಧ್ವಾನ ಮಾಡಿಟ್ಟಿದ್ದಾರೆ. ಬೇಜಾರು ಮಾಡ್ಕೋಬೇಡಿ."

ಒಳಗಿನಿಂದ ಅಜ್ಜ ಒಂದು ಬಟ್ಟೆಯ ತುಂಡು ಹಿಡಿದು ಬಂದ. ಅವಳ ಚಿತ್ರವನ್ನು ಅದರ ಮೂಲೆಯಲ್ಲಿ, ಬಟ್ಟೆಗೆ ಗುರುತು ಹಾಕುವ ಮಸಿಯಲ್ಲಿ, ಬೆರಳುಗುರಿನಷ್ಟು ಮಾಡಿ ಬರೆದಿದ್ದ. "ಮೂರು ಒಗೆತ ಹಾಕ್ದೆ ತಾಯಿ. ಇಷ್ಟು ಉಳೀತು ನೋಡಿ."

ಹಬೆ ಕಲೆಸಿಹೋಗಿತ್ತು. ಹೊಳಪಿನ ಸುಳಿವಿರಲಿಲ್ಲ. ಉಳಿದದ್ದು ಇಸ್ತ್ರಿಪೆಟ್ಟಿಗೆಯ ಚೂಪು ಮೂತಿ, ಮೇಲೊಂದು ಹಿಡಿಕೆ. ಅವಳಿಗೆ ಸಿಟ್ಟು ನೆತ್ತಿಗೇರಿತು. ಅಜ್ಜನ ಮುಖ ನೋಡಿದಳು. ಅಲ್ಲಿ ಕುಹಕವೇನೂ ಇರಲಿಲ್ಲ. ಗುರುತು ಅಂದರೆ ಒಗೆದು ನೋಡಬೇಕು, ಅವನಿಗೆ ತಿಳಿದದ್ದು ಅಷ್ಟೇ. ಬಟ್ಟೆಯನ್ನು ಇನ್ನೊಮ್ಮೆ ನೋಡಿದಾಗ ಅವಳಿಗೆ ನಗು ಬಂತು.

"ಬೋರ್ಡಿಗೆ ಇದನ್ನೇ ಹಾಕೋಣ."

"ಇಷ್ಟೇನಾ? ಮೂರು ವಾರಕ್ಕೆ?" ಅಂದಳು ಸೊಸೆ.

"ಇಷ್ಟಾಗೋಕೇ ಮೂರು ವಾರ ಬೇಕಾಯ್ತು."

ಆಮೇಲೆ ಚೀಲದಿಂದ ಬಿಳಿ ಶರ್ಟು ತೆಗೆದಿಟ್ಟಳು. ಅಜ್ಜ ಮೇಲಿನ ಗುಂಡಿ ಬಿಚ್ಚಿ ಕಾಲರು ಮಗುಚಿದ. ಎರಡು ಗೀಟು, ಕೆಳಗೊಂದು ಚುಕ್ಕೆ. "ನಿಮ್ಮ ಮನೇದೇ ಅಲ್ವಾ? ಯಜಮಾನ್ರು ಒಬ್ರೇ ಇದ್ದಾಗ ಒಂದೇ ಗೀಟಿತ್ತು. ನೀವು ಬಂದ್ಮೇಲೆ ನಾನೇ ಇನ್ನೊಂದು ಎಳೆದೆ."

ಎಂಟು ವರ್ಷ ಆ ಗುರುತನ್ನು ಕತ್ತಿನ ಹಿಂದೆ ಹೊತ್ತುಕೊಂಡು ತಿರುಗಿದ್ದಳು. ಗುರುತು ಮಾಡುವುದೇ ಹೊಟ್ಟೆಪಾಡಾದವಳು ಒಂದು ದಿನವಾದರೂ ಅದನ್ನು ತಿರುಗಿಸಿ ನೋಡಿರಲಿಲ್ಲ. ಅವಳಿಗೆ ನಾಚಿಕೆಯಾಯಿತು.

"ಅಜ್ಜ, ಕೆಲಸಕ್ಕೆ ಅಂತ ಕೋಣೆ ಮಾಡಿದೀನಿ ಅಂತ ನಿಮಗೆ ಹೇಳಿದ್ದೆನಲ್ಲ, ಅದು ಸುಳ್ಳು. ನಾನೀಗ ಇರೋದೇ ಅಲ್ಲಿ. ಒಬ್ಬಳೇ."

ಸೊಸೆ ತಲೆ ತಗ್ಗಿಸಿ, ಮಡಿಸಿಟ್ಟಿದ್ದ ಟವೆಲನ್ನೇ ಮತ್ತೆ ಮಡಿಸತೊಡಗಿದಳು. ಅಜ್ಜನಿಗೆ ಆಶ್ಚರ್ಯವೇನೂ ಆಗಲಿಲ್ಲ. ಒಂದೇ ಗುರುತಿನ ಹೊದಿಕೆಗಳು ಎರಡು ವಿಳಾಸದಿಂದ ಬರತೊಡಗಿದಾಗಲೇ ಅವನಿಗೆ ತಿಳಿದಿತ್ತು.

"ನೀವಾಗೇ ಹೇಳ್ಲಿ ಅಂತಿದ್ದೆ ತಾಯಿ."

"ನನ್ನ ಬಟ್ಟೆಗಳಿಂದ ಇದನ್ನ ಅಳಿಸಿಬಿಡಿ."

"ಅಳಿಸಿದ್ರೆ ಹೋಗೋ ಹಾಗಿದ್ರೆ ಅದು ಗುರುತೇ ಅಲ್ಲ."

"ಹಾಗಾದ್ರೆ ಅಡ್ಡ ಗೀಟು ಹೊಡೀರಿ."

"ಅಡ್ಡ ಗೀಟು ಹೊಡೆದ್ರೆ ಸೀದಾ ಡಾಕ್ಟ್ರ ಮನೆಗೆ ಹೋಗುತ್ತೆ! ಅದು ಅವರ ಗುರುತು." ಮೂವರೂ ನಕ್ಕರು. ಅಜ್ಜ ಮಸಿ ಕುಡಿಕೆಯನ್ನೂ ಕಡ್ಡಿಯನ್ನೂ ಅವಳ ಕಡೆ ಸರಿಸಿದ. "ಹಳೇದು ಇರ್ಲಿ. ಪಕ್ಕದಲ್ಲಿ ಹೊಸದು ಹಾಕೋಣ. ನಾವು ನೋಡೋದು ಕೊನೇದನ್ನ. ನೀವೇ ಬರೀರಿ, ನಿಮ್ಮ ಕಸುಬೇ ಅಲ್ವಾ?"

ಸಿಮೆಂಟಿನವರಿಗೆ, ಬ್ಯಾಂಕಿನವರಿಗೆ, ಬಿಸ್ಕತ್ತಿನವರಿಗೆ ಸಲೀಸಾಗಿ ಬರೆದುಕೊಟ್ಟ ಕೈ ಈಗ ಕಡ್ಡಿ ಹಿಡಿದು ಸುಮ್ಮನೆ ನಿಂತಿತು. ಅಜ್ಜ ತಂದ ಬಟ್ಟೆಯ ತುಂಡಿನ ಮೇಲೆ ಒಂದು ಗೀಟು ಎಳೆದಳು. ಮುಂದೇನೂ ತೋಚಲಿಲ್ಲ.

"ಇದಾಗಲ್ಲ. ಒಂಟಿ ಗೀಟಿಗೆ ತಲೆ ಯಾವ್ದು, ಕಾಲು ಯಾವ್ದು ಗೊತ್ತಾಗಲ್ಲ. ಮಲಗಿಸಿದ್ರೆ ಇನ್ಯಾರದೋ ಆಗುತ್ತೆ," ಅಂದ ಅಜ್ಜ.

ಅವಳು ಕಡ್ಡಿಯನ್ನು ಮತ್ತೆ ಮಸಿಗೆ ಅದ್ದಿದಳು. ಗೀಟಿನ ಬುಡದಲ್ಲಿ, ಬಲಕ್ಕೆ, ಪುಟ್ಟದೊಂದು ಪಾದ ಎಳೆದಳು. ಅಜ್ಜ ಬಟ್ಟೆಯನ್ನು ನಾಲ್ಕೂ ಕಡೆ ತಿರುಗಿಸಿದ. "ಹ್ಞಾಂ. ಈಗ ನಿಂತ್ಕೊಳ್ತು." ಬೆರಳಿಗೆ ಎಂಜಲು ಹಚ್ಚಿಕೊಂಡು ಗುರುತುಗಳ ಪುಸ್ತಕವನ್ನು ಮೊದಲ ಹಾಳೆಯಿಂದ ಕಡೆಯವರೆಗೂ ಮಗುಚಿದ. ಅಷ್ಟು ಹೊತ್ತೂ ಅವಳು ಪರೀಕ್ಷೆ ಬರೆದವಳ ಹಾಗೆ ಕಾದು ನಿಂತಿದ್ದಳು.

"ಯಾರದೂ ಇಲ್ಲ ತಾಯಿ. ಇದು ನಿಮ್ಮದೇ."

ಅವಳ ಕಣ್ಣು ತುಂಬಿತು. ಅಜ್ಜ ಅದನ್ನು ನೋಡದವನ ಹಾಗೆ ಕುಡಿಕೆಯ ಮುಚ್ಚಳ ಹುಡುಕಿದ. "ನೀಲಿ ಶರ್ಟು ಸಂಜೆ ನಾನೇ ಈಸ್ಕೊಂಡು ಬರ್ತೀನಿ. ನೀವು ಹೋಗೋದು ಬೇಡ."

ಚೀಲ ಹೆಗಲಿಗೇರಿಸಿ ಹೊರಟವಳು ಬಾಗಿಲಲ್ಲಿ ತಿರುಗಿದಳು. "ಅವರದ್ದನ್ನೂ ಮತ್ತೆ ಒಂದೇ ಗೀಟು ಮಾಡ್ಬೇಕಲ್ವಾ, ಅಜ್ಜ?"

"ಹೋದ ವಾರ ಅವರನ್ನೇ ಕೇಳ್ದೆ." ಅಜ್ಜ ಮುಚ್ಚಳವನ್ನು ನಿಧಾನವಾಗಿ ತಿರುಪಿದ. "ಸದ್ಯಕ್ಕೆ ಹಾಗೇ ಇರ್ಲಿ ಅಂದ್ರು."

ಬಿಳಿ ಶರ್ಟು ಇನ್ನೂ ಕಾಲರು ತೆರೆದುಕೊಂಡು ಗಲ್ಲೆಯ ಮೇಜಿನ ಮೇಲೆ ಬಿದ್ದಿತ್ತು. ಅವಳು ವಾಪಸು ಬಂದು ಆ ಎರಡು ಗೀಟುಗಳ ಮೇಲೆ ಕಾಲರನ್ನು ಮಡಿಸಿದಳು. ಮೇಲಿನ ಗುಂಡಿ ಹಾಕಿದಳು. ತೋಳುಗಳನ್ನು ಹಿಂದಕ್ಕೆ ಸೇರಿಸಿ, ಸುಕ್ಕಾಗದ ಹಾಗೆ, ಆ ಮನೆಗೆ ಹೋಗುವ ಬಟ್ಟೆಗಳ ಮೇಲಿಟ್ಟಳು.