ಮಳೆಗಾಲದ ಮುಂಗಡ

ಸಂಬಳವಾದ ಮೇಲಿನ ಮೊದಲ ಶನಿವಾರ ಬಂತೆಂದರೆ ವಿಶಾಲ ಸೆರಗು ಬಿಗಿಯಾಗಿ ಹೊದ್ದು ಸಕಲೇಶಪುರದ ಪೇಟೆಗೆ ಇಳಿಯುತ್ತಿದ್ದಳು. ಮನೆಸಾಲದ ಸೊಸೈಟಿಯ ಕಿಟಕಿಯೆದುರು ಸಾಲಿನಲ್ಲಿ ನಿಂತು, ಸರದಿ ಬಂದಾಗ ಪಾಸ್‌ಬುಕ್ಕಿನ ನಡುವೆ ನಲವತ್ತೈದು ರೂಪಾಯಿ ಇಟ್ಟು ಒಳಗೆ ತಳ್ಳುತ್ತಿದ್ದಳು. ಗುಮಾಸ್ತ ಜವರಯ್ಯ ಬೆರಳಿಗೆ ಎಂಜಲು ಹಚ್ಚಿ ನೋಟು ಎಣಿಸಿ, ಮುದ್ರೆ ಒತ್ತಿ, ರಸೀದಿ ಹರಿದು ಕೊಡುತ್ತಿದ್ದ.

"ಮನೇಲೆಲ್ಲ ಸೌಖ್ಯವಾ ತಾಯಿ?"

ವಿಶಾಲ ತಲೆ ಆಡಿಸಿ ಹೊರಟುಬಿಡುತ್ತಿದ್ದಳು. ಎರಡು ವರ್ಷದಲ್ಲಿ ಆ ಕಿಟಕಿಯೊಳಕ್ಕೆ ಅವಳ ದುಡ್ಡು ಹೋಗಿತ್ತೇ ಹೊರತು ಒಂದು ಮಾತು ಹೋಗಿರಲಿಲ್ಲ. ಮೈಸೂರಿನಲ್ಲಿ ಬಿ.ಎ. ಮಾಡಿ ಬಂದ ಸೊಸೆ ಎಂದು ಕೇರಿಯವರಿಗೆಲ್ಲ ಗೊತ್ತು. ಆದರೆ ಅವಳು ಬಾಯಿ ತೆರೆದದ್ದನ್ನು ಕೇಳಿದವರು ಕಡಿಮೆ. ಅವಳ ಮಾತೆಲ್ಲ ಬರವಣಿಗೆಗೆ ಹೋಗುತ್ತಿತ್ತು. ಮಾವ ಗಿಡ್ಡಯ್ಯ ಹೊಂಗಡಹಳ್ಳದ ಹಾದಿಯ ಒಂದು ಎಸ್ಟೇಟಿನಲ್ಲಿ ರೈಟರ್. ಆಳುಗಳ ಹಾಜರಿ ಬರೆದು ಮುಗಿದ ಹಳೆಯ ಚೆಕ್‌ರೋಲ್ ಪುಸ್ತಕಗಳನ್ನು ಅವನು ತಂದುಕೊಡುತ್ತಿದ್ದ. ಅವುಗಳ ಬೆನ್ನ ಕಡೆಯ ಬಿಳಿ ಹಾಳೆಗಳಲ್ಲಿ ಮನೆಯ ಲೆಕ್ಕ, ಮನಸ್ಸಿನ ಲೆಕ್ಕ ಎರಡನ್ನೂ ಅವಳು ಬರೆದಿಡುತ್ತಿದ್ದಳು.

ಹೆಚ್ಚಿಗೆ ಕಟ್ಟುವ ಯೋಚನೆ ಹುಟ್ಟಿದ್ದೂ ಆ ಹಾಳೆಗಳಲ್ಲೇ.

ಗಿಡ್ಡಯ್ಯ ಐವತ್ತೇಳರಲ್ಲಿ ಮನೆಯನ್ನು ಅಡಮಾನವಿಟ್ಟು ಮೂರೂವರೆ ಸಾವಿರ ಸಾಲ ತಂದಿದ್ದ. ಹದಿನೈದು ವರ್ಷದ ವಾಯಿದೆ, ತಿಂಗಳಿಗೆ ಮೂವತ್ತು ರೂಪಾಯಿ ಕಂತು. ಸಾಲ ಮುಗಿಯುವುದು ಎಪ್ಪತ್ತೆರಡಕ್ಕೆ. ಆದರೆ ಅವನು ಎಸ್ಟೇಟಿನಿಂದ ನಿವೃತ್ತನಾಗುವುದು ಅರವತ್ತೇಳರ ಯುಗಾದಿಗೆ. ಆಮೇಲಿನ ಐದು ವರ್ಷ ಯಾರು ಕಟ್ಟಬೇಕು? ವಿಶಾಲಳ ಗಂಡ ಕರಿಯಪ್ಪ ಅಬ್ದುಲ್ ವಹಾಬ್ ಸಾಹೇಬರ ಲಾರಿ ಆಫೀಸಿನಲ್ಲಿ ಟ್ರಿಪ್ಪು ಬರೆಯುವವನು. ಅವನ ಎಪ್ಪತ್ತು ರೂಪಾಯಿ ಹೊಟ್ಟೆಗೇ ಸರಿ.

"ಆವಾಗ ಮನೆ ಬಾಡಿಗೆಗೆ ಕೊಟ್ಟು ನಮ್ಮೂರು ಮಗ್ಗೆಗೆ ಹೋಗಾಣ. ನಮ್ಮಣ್ಣನ ಹಿತ್ಲ ಕೋಣೆ ಖಾಲಿ ಐತಲ್ಲ," ಎಂದು ಗಿಡ್ಡಯ್ಯ ಒಂದು ಭಾನುವಾರ ಊಟದ ಮುಂದೆ ಹಗುರವಾಗಿ ಅಂದುಬಿಟ್ಟಿದ್ದ.

ಅತ್ತೆ ಭೂತಮ್ಮ ಸೌಟು ಹಿಡಿದಿದ್ದವಳು ಹಾಗೆಯೇ ನಿಂತಳು. ಆ ಹಿತ್ತಿಲ ಕೋಣೆಯಲ್ಲಿ ಅವಳು ಇಪ್ಪತ್ತು ವರ್ಷ ಬಾಳಿದ್ದಳು. ಓರಗಿತ್ತಿಯ ಒಲೆ ಬಿಡುವಾದ ಮೇಲೆ ತನ್ನ ಪಾತ್ರೆ ಏರಿಸಬೇಕು, ಮಕ್ಕಳು ಹಸಿದು ಅತ್ತರೂ ಕಾಯಬೇಕು. ಈ ಮನೆಗೆ ಬಂದ ದಿನ ಅವಳು ಮೊದಲು ಪೂಜಿಸಿದ್ದು ದೇವರನ್ನಲ್ಲ, ಒಲೆಯನ್ನು. "ನನ್ ಒಲೆ," ಎಂದು ಮೂರು ಸಲ ಅಂದಿದ್ದಳಂತೆ.

ಆ ಮಧ್ಯಾಹ್ನ ಅತ್ತೆಯ ಮುಖ ನೋಡಿದ ವಿಶಾಲ ಚೆಕ್‌ರೋಲ್ ಪುಸ್ತಕ ತೆಗೆದಳು. ಮೂರು ದಿನ ಗುಣಿಸಿದಳು, ಕಳೆದಳು. ಮುಂದಿನ ಭಾನುವಾರ ಪುಸ್ತಕ ತಂದು ಮಾವನ ಮುಂದಿಟ್ಟು, ನೆಲ ನೋಡುತ್ತ ಹೇಳಿದಳು:

"ತಿಂಗಳಿಗೆ ಹದಿನೈದು ರೂಪಾಯಿ ಹೆಚ್ಚಿಗೆ ಕಟ್ಟಿದ್ರೆ, ಜೊತೆಗೆ ವರ್ಷಕ್ಕೊಂದ್ಸಲ ನಲವತ್ತು ಹಾಕಿದ್ರೆ, ನೀವು ನಿವೃತ್ತಿ ಆಗೋ ಹೊತ್ತಿಗೆ ಸಾಲ ತೀರುತ್ತೆ ಮಾವ. ಬಡ್ಡಿ ಬೀಳೋದು ಉಳಿದ ಅಸಲಿನ ಮೇಲೆ ತಾನೆ? ಅಸಲು ಬೇಗ ಕರಗಿದ್ರೆ ಬಡ್ಡೀನೂ ಕರಗುತ್ತೆ."

ಗಿಡ್ಡಯ್ಯ ಕನ್ನಡಕ ಏರಿಸಿ ನೋಡಿದ. "ಮೂವತ್ತು ವರ್ಸ ಚೆಕ್‌ರೋಲ್ ಬರ್ದೆ. ನಂಗ್ಯಾಕೆ ಇದು ಹೊಳೀಲಿಲ್ಲ?"

"ನಿಮ್ಗೆ ಬಾಡಿನ ಸಾರು ಬಿಟ್ರೆ ಬ್ಯಾರೆ ಏನ್ ಹೊಳ್ದೈತೆ?" ಎಂದಳು ಭೂತಮ್ಮ. ಆಮೇಲೆ ಸೊಸೆಯ ಕಡೆ ತಿರುಗಿ, "ಅಂದ್ರೆ ಹಾವಿನ ಬಾಲ ಬುಟ್ಟು ತಲೆಗೆ ಹೊಡೀರಿ ಅಂತೀಯ. ಹೊಡಿಯಾಣ. ದೊಣ್ಣೆ ಎಲ್ಲೈತೆ?"

ದೊಣ್ಣೆಯನ್ನು ಎಲ್ಲರೂ ಸೇರಿ ಹುಡುಕಿದರು. ಮನೆಗೆ ಬರುತ್ತಿದ್ದ ಅರ್ಧ ಸೇರು ಹಾಲು ನಿಂತಿತು. ಅದಕ್ಕೆ ಏಳೂವರೆ ರೂಪಾಯಿ. ಕರಿಯಪ್ಪನ ಸಿಗರೇಟು ನಿಂತಿತು, ನಾಲ್ಕು. ಭಾನುವಾರದ ಬಾಡು ತಿಂಗಳಿಗೆ ಒಂದೇ ಸಲ ಎಂದಾಯಿತು, ಮೂರೂವರೆ. ಅಲ್ಲಿಗೆ ಹದಿನೈದು. ಇನ್ನು ವರ್ಷದ ನಲವತ್ತಕ್ಕೆ ಭೂತಮ್ಮ ತಾನೇ ಟೊಂಕ ಕಟ್ಟಿದಳು. ಕೊಯ್ಲು ಮುಗಿದ ಮೇಲೆ ಕಾಫಿ ಗಿಡದ ಬುಡದಲ್ಲಿ ಉದುರಿದ ಹಣ್ಣು ತರಗೆಲೆಯಡಿ ಉಳಿದಿರುತ್ತದೆ. ಆ ಹಕ್ಕಲು ಆಯ್ದು ತಂದವರಿಗೆ ಎಸ್ಟೇಟಿನ ಸ್ಟೋರಿನಲ್ಲಿ ಅಳೆದು ದುಡ್ಡು ಕೊಡುತ್ತಿದ್ದರು. ಮಾಘದ ಚಳಿಯಲ್ಲಿ ಅತ್ತೆ ಸೊಸೆ ಇಬ್ಬರೂ ಎಸ್ಟೇಟಿನ ಕೂಲಿ ಲೈನಿನ ಹೆಂಗಸರ ಜೊತೆ ಬಗ್ಗಿ ಆಯ್ದರು.

"ಕಾಫಿ ದೇಸದಲ್ಲಿ ಹುಟ್ಟಿ ಹಾಲಿಲ್ದ ಕಾಫಿ ಕುಡಿಯಂಗಾಯ್ತಲ್ಲಪ್ಪ," ಎಂದು ಬೆಲ್ಲದ ಕಪ್ಪು ಕಾಫಿ ಹೀರುತ್ತ ಭೂತಮ್ಮ ದಿನಾ ಗೊಣಗುತ್ತಿದ್ದಳು. ಗೊಣಗುತ್ತಲೇ ಲೋಟ ಬರಿದು ಮಾಡುತ್ತಿದ್ದಳು.

ಮರುವರ್ಷದ ಆಷಾಢದಲ್ಲಿ ಕರಿಯಪ್ಪನಿಗೆ ವಿಷಮಶೀತ ಜ್ವರ ಬಂತು. ನಲವತ್ತು ದಿನ ಚಾಪೆ ಹಿಡಿದ. ಅಬ್ದುಲ್ ವಹಾಬ್ ಸಾಹೇಬರು ಅರ್ಧ ಸಂಬಳ ಕಳಿಸಿಕೊಟ್ಟರು. ಅದು ಔಷಧಿಗೆ ಸಾಲಲಿಲ್ಲ, ಗಿಡ್ಡಯ್ಯನ ಸಂಬಳವೂ ಅದರ ಹಿಂದೆಯೇ ಹೋಯಿತು. ಜುಲೈ, ಆಗಸ್ಟ್ ಎರಡು ಕಂತು ತಪ್ಪಿದವು. ಕಂತು ತಪ್ಪಿದರೆ ನೋಟೀಸು ಬರುತ್ತದೆ, ದಂಡದ ಬಡ್ಡಿ ಬೀಳುತ್ತದೆ. ಅಂಚೆಯವನ ಛತ್ರಿ ಬೇಲಿಯಾಚೆ ಕಂಡಾಗಲೆಲ್ಲ ವಿಶಾಲ ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು. ಆದರೆ ನೋಟೀಸು ಬರಲೇ ಇಲ್ಲ. ಸೆಪ್ಟೆಂಬರಿನಲ್ಲಿ ಅವಳು ಮತ್ತೆ ನಲವತ್ತೈದು ತಳ್ಳಿದಳು, ಜವರಯ್ಯ ಮತ್ತೆ ರಸೀದಿ ಕೊಟ್ಟ. ಯಾಕೆ ಹೀಗೆ ಎಂದು ಅವಳು ಕೇಳಲಿಲ್ಲ. ಊರಮ್ಮನಿಗೆ ತಾನು ಹೊತ್ತ ಹರಕೆ ಫಲಿಸಿತೆಂದು ಭೂತಮ್ಮ ಹುಂಜ ಕೊಯ್ಯಿಸಿದಳು.

ಅರವತ್ತಮೂರರ ಜೂನಿನಲ್ಲಿ ಸೊಸೈಟಿಯಿಂದ ಮೊದಲ ಸಲ ಬಾಕಿ ಚೀಟಿ ಬಂತು. ಅಸಲು ಬಾಕಿ: ಎರಡು ಸಾವಿರದ ನಾನೂರ ಮೂವತ್ತೊಂಬತ್ತು.

ವಿಶಾಲ ತನ್ನ ಪುಸ್ತಕ ತೆಗೆದು ನೋಡಿದಳು. ಅವಳ ಲೆಕ್ಕಕ್ಕಿಂತ ನಾನೂರು ರೂಪಾಯಿ ಹೆಚ್ಚಿತ್ತು. ಇನ್ನೊಮ್ಮೆ ಕೂಡಿದಳು. ಎರಡು ವರ್ಷದಿಂದ ಒಂದು ಬಿಡಿಗಾಸೂ ಹೆಚ್ಚಿಗೆ ಕಟ್ಟದವರ ಬಾಕಿ ಎಷ್ಟಿರಬೇಕೋ ಅಷ್ಟೇ ಇತ್ತು ಚೀಟಿಯಲ್ಲಿ. ಹಾಲು, ಸಿಗರೇಟು, ಬಾಡು, ಅತ್ತೆಯ ಸೊಂಟನೋವು, ಎಲ್ಲ ಎಲ್ಲಿ ಹೋಯಿತು? ಲೆಕ್ಕ ಹಾಕಿದವಳು ತಾನು. ನಂಬಿದವರು ಅವರು.

ಯಾರಿಗೂ ಹೇಳದೆ ಶನಿವಾರ ಅವಳು ಕಿಟಕಿಯ ಮುಂದೆ ನಿಂತಳು. ಹಿಂದೆ ಏಳೆಂಟು ಜನ. ಪಾಸ್‌ಬುಕ್ಕು ತಳ್ಳಿದಳು. ಕೈ ಕಿಟಕಿಯಲ್ಲೇ ಉಳಿಯಿತು.

"ಏನವ್ವಾ, ಕಿಟಕೀಲೇ ಸಂಸಾರ ಹೂಡ್ತೀಯಾ? ಬಸ್ಸು ಹೋಗ್ಬುಡ್ತದೆ," ಎಂದ ಹಿಂದಿನವನು.

"ನಮ್ಮ ಹೆಚ್ಚಿನ ದುಡ್ಡೆಲ್ಲಿ ಹೋಯ್ತು?" ಎಂದಳು ವಿಶಾಲ. ಎರಡು ವರ್ಷ ಒಳಗೇ ಇದ್ದ ದನಿ, ಹೊರಬಿದ್ದಾಗ ಅವಳು ಅಂದುಕೊಂಡದ್ದಕ್ಕಿಂತ ಜೋರಾಗಿತ್ತು.

ಜವರಯ್ಯನ ಕೈಯ ಮುದ್ರೆ ಅರ್ಧದಲ್ಲೇ ನಿಂತಿತು. "ನಾನು ತಿಂದ್ನಾ ತಾಯಿ? ಹದಿನೆಂಟು ವರ್ಸದಲ್ಲಿ ಯಾರೂ ನನ್ನ ಈ ಮಾತು ಕೇಳಿರ್ಲಿಲ್ಲ. ಒಳೀಕ್ ಬನ್ನಿ. ನೋಡ್ಕಳಿ."

ಮೇಜಿನ ಮೇಲೆ ಅವನು ಲೆಡ್ಜರು ಬಿಡಿಸಿದ. ಗಿಡ್ಡಯ್ಯನ ಹೆಸರಿನ ಪುಟದಲ್ಲಿ ಮೂವತ್ತರ ಕಂತುಗಳು ಒಂದು ಕಡೆ, ಅವಳ ಹದಿನೈದುಗಳು ಇನ್ನೊಂದು ಕಡೆ, ಒಂದೂ ತಪ್ಪದೆ ಕೆಂಪು ಶಾಯಿಯಲ್ಲಿ ಬರೆದಿದ್ದವು. ಮೇಲೆ ತಲೆಬರಹ: ಮುಂಗಡ.

"ಇದು ಕಾಫಿ ಊರು ಕಣವ್ವಾ," ಎಂದ ಜವರಯ್ಯ. ಕೋಪ ಇಳಿದಿತ್ತು. "ಕೊಯ್ಲಲ್ಲಿ ಕೈತುಂಬ ದುಡ್ಡು, ಮಳೇಲಿ ಸೊನ್ನೆ. ಹೆಚ್ಚಿಗೆ ಕೊಡೋರೆಲ್ಲ, 'ಜವರಯ್ಯ, ಮಳೆಗಾಲಕ್ಕೆ ಇಟ್ಕೊ' ಅಂತಲೇ ಕೊಡಾದು. ನೀವೂ ಅದಕ್ಕೇ ಕೊಡ್ತಾ ಇದೀರ ಅಂದ್ಕಂಡೆ. ಅಸಲಿಗೆ ಹಾಕು ಅಂತ ಒಂದ್ ಮಾತು ಅಂದಿದ್ರೆ ಅಸಲಿಗೇ ಹಾಕ್ತಿದ್ದೆ. ನೀವು ಬಾಯೇ ಬುಡ್ಲಿಲ್ಲ."

ವಿಶಾಲಳ ಕಣ್ಣು ತುಂಬಿತು. ತಪ್ಪು ಅವನದಲ್ಲ. ತಲೆ ತಗ್ಗಿಸಿ ಕೆಂಪು ಸಾಲುಗಳ ಮೇಲೆ ಬೆರಳಾಡಿಸುತ್ತ ಹೋದವಳು ಒಂದು ಕಡೆ ನಿಂತಳು. ಹಿಂದಿನ ವರ್ಷದ ಜುಲೈ: ಮುಂಗಡದಿಂದ ಕಂತಿಗೆ ಜಮಾ, ಮೂವತ್ತು. ಆಗಸ್ಟ್: ಮುಂಗಡದಿಂದ ಕಂತಿಗೆ ಜಮಾ, ಮೂವತ್ತು.

"ಇದು..."

"ನೀವು ಆ ಎರಡು ತಿಂಗ್ಳು ಬರ್ಲಿಲ್ಲ. ಮನೆಯೋರಿಗೆ ಜ್ವರ ಅಂತ ಸಾಹೇಬ್ರ ಡ್ರೈವರು ಯಾಕೂಬ ಹೇಳ್ದ. ನಿಮ್ ದುಡ್ಡು ಇತ್ತಲ್ಲ, ಎತ್ತಿ ಕಂತಿಗೆ ಹಾಕ್ದೆ. ಇಲ್ದಿದ್ರೆ ನೋಟೀಸು ಹೋಗೋದು ತಾಯಿ. ದಂಡ ಬ್ಯಾರೆ."

ವಿಶಾಲ ಕೈ ಮುಗಿದಳು. ಜವರಯ್ಯ ಗಲಿಬಿಲಿಗೊಂಡು ಶಾಯಿ ಕುಡಿಕೆಯನ್ನು ಅತ್ತಿಂದಿತ್ತ ಸರಿಸಿದ.

"ಉಳಿದದ್ದು ಮುನ್ನೂರ ಎಂಬತ್ತು ಐತೆ. ನಿಮ್ ಮಾವನ ಕೈಲಿ ಒಂದು ಅರ್ಜಿ ಬರ್ಸಿ ತನ್ನಿ, ಕಮಿಟಿಗೆ ಇಡ್ತೀನಿ. ಹಿಂದಿನ ತಾರೀಕು ಹಾಕಾಕಾಗಲ್ಲ, ಈ ತಿಂಗ್ಳಿಂದ ಅಸಲಿಗೆ ಹೋಯ್ತದೆ."

ಅಂದರೆ ಇಷ್ಟು ದಿನ ಉಳಿಯಬೇಕಿದ್ದ ಬಡ್ಡಿ ಹೋದಂತೆಯೇ. ಸಾಲ ಅರವತ್ತೇಳರ ಯುಗಾದಿಗೆ ತೀರುವುದಿಲ್ಲ, ಇನ್ನೂ ಮೂರು ತಿಂಗಳು ಮುಂದಕ್ಕೆ ಹೋಗುತ್ತದೆ. ಮನೆಯ ದಾರಿ ಹತ್ತುತ್ತ ಅವಳು ಅದನ್ನು ಹೇಗೆ ಹೇಳಬೇಕೆಂದು ಸೇತುವೆಯಿಂದ ಬಾಗಿಲವರೆಗೆ ಹತ್ತು ಬಗೆಯಲ್ಲಿ ಜೋಡಿಸಿದಳು. ಬರೆದು ಕೊಟ್ಟುಬಿಡಲೇ ಎಂದೂ ಅನ್ನಿಸಿತು.

ಮಾರನೆಯ ದಿನ ಭಾನುವಾರ. ಗಿಡ್ಡಯ್ಯ ಎಸ್ಟೇಟಿನಿಂದ ಬಂದಿದ್ದ. ಬಾಡಿಲ್ಲದ ಭಾನುವಾರ, ಹುರುಳಿಕಾಳಿನ ಸಾರು. ಎಲ್ಲರ ಊಟ ಮುಗಿದ ಮೇಲೆ ವಿಶಾಲ ಗೋಡೆಗೆ ಒರಗಿ ನಿಂತು ಹೇಳಿದಳು. ಜೋಡಿಸಿಟ್ಟಿದ್ದ ಹತ್ತು ಬಗೆಯಲ್ಲಿ ಒಂದೂ ನೆನಪಿಗೆ ಬರಲಿಲ್ಲ. "ನನ್ನ ತಪ್ಪು. ನಾನು ಅಸಲಿಗೆ ಅಂತ ಹೇಳ್ಲೇ ಇಲ್ಲ. ನಿಮ್ಮೆಲ್ಲರ ಬಾಯಿ ಕಟ್ಟಿಸಿ, ನನ್ನ ಬಾಯೂ ಕಟ್ಕೊಂಡೆ. ಮೂರು ತಿಂಗಳು ತಡ ಆಗುತ್ತೆ."

ಗಿಡ್ಡಯ್ಯ ಕನ್ನಡಕ ತೆಗೆದು ಒರೆಸಿದ. ಕರಿಯಪ್ಪ ಹೆಂಡತಿಯನ್ನೇ ನೋಡುತ್ತ ಕೂತ. ಒಳಗಿನಿಂದ ಭೂತಮ್ಮ ಕೈ ಒರೆಸಿಕೊಳ್ಳುತ್ತ ಬಂದಳು.

"ಆ ಎರಡು ಕಂತು ಯಾರು ಕಟ್ಟಿದ್ದು ಅಂದೆ?"

"ನಮ್ಮ ದುಡ್ಡೇ ಅತ್ತೆ. ಜವರಯ್ಯ ಮಳೆಗಾಲಕ್ಕೆ ಅಂತ ಎತ್ತಿಟ್ಟಿದ್ದು."

"ಹಂಗಾರೆ ಅಮ್ಮನಿಗೆ ಕೊಟ್ಟ ಹುಂಜ?"

"ಅಮ್ಮನೇ ಜವರಯ್ಯನ ಕೈಲಿ ಬರ್ಸಿದ್ದು ಅಂದ್ಕೊ. ಹುಂಜ ವಾಪಸ್ ಕೇಳಾಕ್ ಹೋಗ್ಬ್ಯಾಡ," ಎಂದ ಕರಿಯಪ್ಪ. ಗಿಡ್ಡಯ್ಯನಿಗೆ ನಗು ತಡೆಯಲಿಲ್ಲ.

ಭೂತಮ್ಮ ನಗಲಿಲ್ಲ. ಸೊಸೆಯ ಹತ್ತಿರ ಬಂದು ಅವಳ ಗಲ್ಲ ಹಿಡಿದು ಮುಖ ಮೇಲೆತ್ತಿದಳು. "ಅಲ್ಲ ಕಣವ್ವಾ, ಅಳ್ತೀಯಲ್ಲ ಯಾತಕ್ಕೆ? ಆ ಮಳೇಲಿ ನೋಟೀಸು ಬಂದಿದ್ರೆ ನಾನು ಔಸದಿ ಬುಡ್ಸಿ ಕಂತು ಕಟ್ಟಿರೋಳು. ಒಲೆ ಮೇಲಿನ ಆಸೆ ನಂದು, ನಂಗೊತ್ತು. ನೀನು ಹಾಕಿದ ಹದಿನೈದು ನನ್ ಮಗನ್ನೂ ಕಾಯ್ತು, ನನ್ ಮಾನಾನೂ ಕಾಯ್ತು. ಅದ್ಕೆ ಮೂರು ತಿಂಗ್ಳು ಜಾಸ್ತಿಯಾ?"

ಆಮೇಲೆ ಹಿತ್ತಿಲ ಕಡೆ ಕೈ ತೋರಿಸಿದಳು. "ಮೂರು ತಿಂಗ್ಳಿಗೆ ನನ್ ಕೋಳಿ ಅವೆ. ಮೊಟ್ಟೆ ಒಂದೂ ಇನ್ನು ಮನೇಗಿಲ್ಲ. ತಿಂಗ್ಳಿಗೆ ಮೂರು ರೂಪಾಯಿ ನಂದು. ಬರ್ಕೋ ನಿನ್ ಪುಸ್ತಕದಾಗೆ."

"ಮೊಟ್ಟೇನೂ ಹೋಯ್ತಾ!" ಎಂದ ಗಿಡ್ಡಯ್ಯ.

ಮುಂದಿನ ಶನಿವಾರ ವಿಶಾಲ ಮಾವನ ಅರ್ಜಿ ಹಿಡಿದು ಹೋದಳು. ಜೊತೆಗೆ ಭೂತಮ್ಮ ಕಳಿಸಿದ ಆರು ಮೊಟ್ಟೆ. ಮಾರಲು ಹೋಗದ ಮೊಟ್ಟೆಗಳೆಂದರೆ ಅವು ಮಾತ್ರ. ಕಮಿಟಿ ಒಪ್ಪಿತು. ಆ ತಿಂಗಳಿಂದ ಕಿಟಕಿಯೊಳಕ್ಕೆ ದುಡ್ಡು ತಳ್ಳುವಾಗಲೆಲ್ಲ ಅವಳು ಬಗ್ಗಿ, ಸಾಲಿನವರಿಗೆಲ್ಲ ಕೇಳುವಂತೆ ಹೇಳುತ್ತಿದ್ದಳು: "ಮೂವತ್ತು ಕಂತಿಗೆ. ಹದಿನೆಂಟು ಅಸಲಿಗೆ."

"ಕೇಳಿಸ್ತು ತಾಯಿ, ಹೊಳೆಯಾಚೆಗೂ ಕೇಳಿಸ್ತು," ಎನ್ನುತ್ತಿದ್ದ ಜವರಯ್ಯ. ಅವಳ ಹಿಂದೆ ನಿಂತವರಲ್ಲಿ ಒಬ್ಬಿಬ್ಬರು, "ಅಸಲಿಗೆ ಅಂದ್ರೇನವ್ವಾ?" ಎಂದು ಕೇಳತೊಡಗಿದರು. ಮೊದಮೊದಲು ಅವಳು ಕೆಂಪಾಗಿ ತೊದಲುತ್ತಿದ್ದಳು. ಆಮೇಲಾಮೇಲೆ ಜಗುಲಿಯ ಮೇಲೆ ಕೂತು ಹಾವು, ತಲೆ, ಬಾಲ ಎಂದು ಅತ್ತೆಯ ಮಾತಿನಲ್ಲೇ ಬಿಡಿಸಿ ಹೇಳುವಷ್ಟಾದಳು.

ಅರವತ್ತೇಳರ ಮಾರ್ಚ್ ತಿಂಗಳಲ್ಲಿ, ಯುಗಾದಿಗೆ ಹನ್ನೆರಡು ದಿನ ಇರುವಾಗ, ಗಿಡ್ಡಯ್ಯ ಸೊಸೈಟಿಯಿಂದ ಮನೆಪತ್ರ ಬಿಡಿಸಿಕೊಂಡು ಬಂದ. ಭೂತಮ್ಮ ಅದನ್ನು ಒಲೆಯ ಮುಂದಿಟ್ಟು ಅರಿಸಿನ ಕುಂಕುಮ ಹಚ್ಚಿದಳು. ಓದಲು ಬಾರದ ಕಾಗದವನ್ನು ಮೇಲೆ ಕೆಳಗೆ ತಿರುಗಿಸಿ ನೋಡಿದಳು.

ಆ ಸಂಜೆ ಕರಿಯಪ್ಪ ಅರ್ಧ ಸೇರು ಹಾಲು ತಂದ. ಆರು ವರ್ಷದ ಮೇಲೆ ಮನೆಯಲ್ಲಿ ಬೆಳ್ಳನೆಯ ಕಾಫಿ. ವಿಶಾಲ ಮೊದಲ ಲೋಟ ಅತ್ತೆಗೆ ಕೊಟ್ಟು ಎದುರು ಕೂತಳು. ಭೂತಮ್ಮ ಒಂದು ಗುಟುಕು ಕುಡಿದು ಮುಖ ಹುಳ್ಳಗೆ ಮಾಡಿದಳು.

"ಥೂ, ಇದೇನು ಸಪ್ಪೆ! ಕಾಫೀನೇ ಇಲ್ವಲ್ಲೇ ಇದ್ರಾಗೆ. ನಂಗೆ ನಮ್ ಕರೀ ಕಾಫೀನೇ ಕೊಡವ್ವಾ. ಈ ಹಾಲು ತಗಂಡೋಗಿ ಜವರಯ್ಯನ ಮನೇಗೆ ಕೊಟ್ಬಾ. ಅವನ ಮೊಮ್ಮಗು ಐತಲ್ಲ, ಕುಡೀಲಿ."

ವಿಶಾಲ ಚೊಂಬಿನ ಬಾಯಿಗೆ ತಟ್ಟೆ ಮುಚ್ಚಿಕೊಂಡು ಹೊರಟಳು. ಜವರಯ್ಯನ ಬಾಗಿಲಲ್ಲಿ ಏನು ಹೇಳಬೇಕೆಂದು ಈ ಸಲ ಅವಳು ದಾರಿಯುದ್ದಕ್ಕೂ ಜೋಡಿಸಲಿಲ್ಲ.