ಮಡಚಿದ ಬೆರಳು

ನಮ್ಮ ಶಾಲೆಯ ಹುಡುಗಿ ಗುಬ್ಬಿ ಬೆತ್ತದಿಂದ ಹೆಣೆದ ಕುರ್ಚಿಯ ಆಸನವನ್ನು ಕಾರ್ಖಾನೆಯ ಮೇಸ್ತ್ರಿ ಹೆಬ್ಬೆರಳಿನಿಂದ ಒತ್ತಿ ನೋಡಿದ. ಬಲಗಡೆ ಬಿಗಿಯಾಗಿತ್ತು. ಎಡಗಡೆ ಬೆರಳು ಒಳಗಿಳಿಯಿತು.

“ಕೂತವರು ಎಡಕ್ಕೆ ವಾಲ್ತಾರಲ್ಲ ತಾಯಿ,” ಎಂದ ನನ್ನ ಕಡೆ ತಿರುಗಿ. “ಇದು ಕುರ್ಚಿಯೋ ತೊಟ್ಟಿಲೋ ಅಂತ ಕೇಳ್ತಾರೆ.”

ಅವನು ಕೆಟ್ಟವನಲ್ಲ. ಗುಬ್ಬಿ ಕಣ್ಣು ಕಾಣದವಳೆಂಬ ಕನಿಕರಕ್ಕೆ ಕೆಲಸ ಕೊಡುವುದಿಲ್ಲ, ಕಾಣದವಳೆಂದು ಕಳಿಸುವುದೂ ಇಲ್ಲ ಎಂದು ಮೊದಲೇ ಹೇಳಿದ್ದ. ಸೋಮವಾರ ಬಂದು ಇನ್ನೊಂದು ಆಸನ ಹೆಣೆಯಲಿ, ಆಗಲೂ ಸಡಿಲವಾದರೆ ಬೇರೆಯವರನ್ನು ತೆಗೆದುಕೊಳ್ಳುತ್ತೇನೆ ಎಂದ. ಗುಬ್ಬಿಗೆ ಆ ಕೆಲಸ ಬೇಕೇ ಬೇಕಿತ್ತು. ಅಣ್ಣನ ಮನೆಯಲ್ಲಿ ಅತ್ತಿಗೆ ತಟ್ಟೆ ಇಡುವ ಸದ್ದಿನಲ್ಲೇ ತಾನು ಎಷ್ಟು ಭಾರ ಎಂದು ಅವಳಿಗೆ ದಿನವೂ ತಿಳಿಯುತ್ತಿತ್ತು.

ನಮ್ಮ ಮನೆಯ ಮುಂದಿನ ಕೋಣೆಯೇ ಶಾಲೆ. ಕಣ್ಣು ಕಾಣದವರಿಗೆ ಅಲ್ಲಿ ಬೆತ್ತ ಹೆಣೆಯುವುದನ್ನು ಕಲಿಸುತ್ತಿದ್ದವರು ನನ್ನ ಯಜಮಾನರು. ಎಲ್ಲರಿಗೂ ಅವರು ಮೇಷ್ಟ್ರು. ನನಗೂ ಹಾಗೆಯೇ ಕರೆದು ರೂಢಿ. ಅವರು ದೇವರ ಪಾದ ಸೇರಿದ ಮೇಲೆ ಶಾಲೆಯನ್ನು ನಾನು ನಡೆಸುತ್ತಿದ್ದೇನೆ.

ಕಾರ್ಖಾನೆಯಿಂದ ಮನೆಗೆ ಬಂದವಳೇ ಗುಬ್ಬಿಯ ಮುಂದೆ ಕುರ್ಚಿಯ ಒಂದು ಚೌಕಟ್ಟು ಇಟ್ಟು ಎದುರಿಗೆ ಕುಳಿತೆ. ಅಷ್ಟು ದಿನ ಹೆಣಿಗೆಯನ್ನು ನೋಡುತ್ತಿದ್ದೆನೇ ಹೊರತು ಕೈಯನ್ನು ನೋಡಿರಲಿಲ್ಲ. ನೆನೆಸಿದ ಬೆತ್ತದ ಎಳೆಯನ್ನು ಅವಳು ಎಡಕ್ಕೆ ಎಳೆದಾಗ ಎಡಗೈಯ ಉಂಗುರದ ಬೆರಳು ಅಂಗೈಯೊಳಕ್ಕೆ ಮಡಚಿಕೊಂಡಿತು. ಅದು ಮೇಷ್ಟ್ರ ಬೆರಳು. ಪ್ರಾಯದಲ್ಲಿ ಉಳಿಯೇಟು ಬಿದ್ದ ಮೇಲೆ ಆ ಬೆರಳನ್ನು ಚಾಚಲು ಅವರಿಗೆ ಆಗುತ್ತಲೇ ಇರಲಿಲ್ಲ. ಕಲಿಸುವಾಗ, ನನ್ನ ಕೈ ಮೇಲೆ ಕೈಯಿಡು ಎನ್ನುತ್ತಿದ್ದರು. ಮೇಲಿಟ್ಟ ಕೈ ಆ ಮಡಿಕೆಯನ್ನೂ ಕಲಿತಿತ್ತು. ಬೆರಳು ಮಡಚಿದರೆ ಎಡಗಡೆಯ ಎಳೆ ಬಿಗಿಯಾಗದು; ಆ ಕೊರತೆಯನ್ನು ಅವರು ಚೌಕಟ್ಟಿಗೆ ಮೊಣಕಾಲು ಒತ್ತಿ ತುಂಬಿಕೊಳ್ಳುತ್ತಿದ್ದುದು ಮಾತ್ರ ಆ ಕೈಗೆ ತಿಳಿಯಲಿಲ್ಲ.

ಮೊಣಕಾಲು ಒತ್ತುವುದನ್ನೇ ಕಲಿಸಿಬಿಡೋಣ ಎಂದು ಮನಸ್ಸು ಆಸೆಪಟ್ಟಿತು. ಆದರೆ ಕಾರ್ಖಾನೆಯಲ್ಲಿ ಚೌಕಟ್ಟನ್ನು ಎತ್ತರದ ಮೇಜಿಗೆ ಬಿಗಿದಿರುತ್ತಾರೆ. ಅಲ್ಲಿ ಮೊಣಕಾಲಿಗೆ ಕೆಲಸವಿಲ್ಲ.

ಎಲ್ಲವನ್ನೂ ಬಿಡಿಸಿ ಹೇಳಿದೆ. ಬಾಯಿ ಮುಚ್ಚದವಳೆಂದೇ ಗುಬ್ಬಿ ಎಂದು ಹೆಸರು ಬಿದ್ದಿತ್ತು. ಅಂದು ಆ ಬೆರಳನ್ನು ಬಲಗೈಯಿಂದ ಸವರುತ್ತ ಕುಳಿತಳು.

“ಈ ಮಡಿಕೆ ಬಿಡಲ್ಲಮ್ಮ,” ಎಂದಳು ಕೊನೆಗೆ. “ಮೇಷ್ಟ್ರ ಮುಖ ಹೇಗಿತ್ತೋ ನಂಗೊತ್ತಿಲ್ಲ. ಈ ಕೈಯೊಂದೇ ಗೊತ್ತು.”

ನನಗೆ ಮುಖವೂ ಗೊತ್ತು, ಪಟವೂ ಇದೆ. ಆದರೆ ಪಟದ ಕೈ ಅಲುಗಾಡುವುದಿಲ್ಲ. ಇವಳ ಕೈಯಲ್ಲಿ ಅವರು ಇನ್ನೂ ಎಳೆ ಎಳೆಯುತ್ತಿದ್ದರು.

“ಅವರು ಕೈ ಕೊಟ್ಟಿದ್ದು ನಿನ್ನ ಹೊಟ್ಟೆಪಾಡಿಗೆ, ನೆನಪಿಟ್ಕೊಳ್ಳೋದಕ್ಕಲ್ಲ,” ಎಂದೆ. “ಬೆರಳು ಚಾಚು.”

ಬಿದಿರಿನ ಸೀಳೊಂದನ್ನು ಬೆರಳಿಗೆ ಒತ್ತುಕೊಟ್ಟು ಬಟ್ಟೆಯಿಂದ ಕಟ್ಟಿದೆ. ಹೆಣೆಸಿದೆ, ಬಿಚ್ಚಿಸಿದೆ, ಮತ್ತೆ ಹೆಣೆಸಿದೆ. ಮೇಷ್ಟ್ರಿಗಿಂತ ಮೇಷ್ಟ್ರ ಹೆಂಡತಿಯೇ ಜೋರು ಎಂದು ಅವಳು ಗೊಣಗಿದಳು. ಕಟ್ಟು ಬಿಚ್ಚಿದರೆ ಸಾಕು, ಬೆರಳು ಬಸವನಹುಳುವಿನಂತೆ ಒಳಗೆ ಸರಿಯುತ್ತಿತ್ತು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ಕಲಿತ ಗುಣವೂ ಅದಕ್ಕೇನೂ ಕಡಿಮೆಯಲ್ಲ. ಪ್ರತಿದಿನ ಬೆಳಗ್ಗೆ ಪ್ರಾರ್ಥನೆಗೆ ಕುಳಿತಾಗ, ದೇವರೇ, ಅವರನ್ನು ಕರೆದುಕೊಂಡೆ, ಆ ಬೆರಳನ್ನೂ ಕರೆದುಕೋ ಎಂದು ಬೇಡಿದೆ. ಬೇಡುವಾಗ ನಾಲಗೆ ತೊಡರುತ್ತಿತ್ತು. ಆದರೂ ಬೇಡಿದೆ.

ಸೋಮವಾರ ಗುಬ್ಬಿ ಕಟ್ಟಿಲ್ಲದ ಕೈಯಲ್ಲಿ ಮೇಜಿನ ಮುಂದೆ ನಿಂತಳು. ಅರ್ಧ ಆಸನ ಮುಗಿಯುವ ಹೊತ್ತಿಗೆ ಬೆರಳು ಬಾಗತೊಡಗಿತು. ಮೇಸ್ತ್ರಿ ಪಕ್ಕದಲ್ಲೇ ಇದ್ದ. ನಾನು ಬಾಯಿ ಬಿಡುವಂತಿರಲಿಲ್ಲ. ಅವಳೇ ನಿಲ್ಲಿಸಿದಳು. ಅಂಗೈಯನ್ನು ಮರದ ಮೇಲೆ ಊರಿ ಬೆರಳನ್ನು ನೆಟ್ಟಗೆ ಮಾಡಿಕೊಂಡಳು. ಸಡಿಲಾದ ಎಳೆಗಳನ್ನು ತಡವಿ ಬಿಚ್ಚಿ, ಹಲ್ಲು ಕಚ್ಚಿ ಮತ್ತೆ ಎಳೆದಳು.

ಮುಗಿದ ಮೇಲೆ ಮೇಸ್ತ್ರಿ ಮೊದಲು ಎಡಗಡೆಯನ್ನೇ ಒತ್ತಿದ. ಮೊಣಕೈಯ ಭಾರ ಬಿಟ್ಟು ಇನ್ನೊಮ್ಮೆ ಒತ್ತಿದ.

“ಇನ್ನೊಂದು ಚೌಕಟ್ಟು ನಿನ್ನ ಬಲಗಡೆ ಇಟ್ಟಿದೀನಿ,” ಎಂದ ಅವಳಿಗೆ. “ಶುರು ಮಾಡಮ್ಮ.”

ಅವಳನ್ನು ಅಲ್ಲೇ ಬಿಟ್ಟು ನಾನು ಮನೆಗೆ ಬಂದೆ. ಮುಂದಿನ ಕೋಣೆಯಲ್ಲಿ ಶಾಲೆಯ ಉಳಿದಿಬ್ಬರು ಬೆತ್ತ ನೆನೆಹಾಕಿಕೊಂಡು ಕಾಯುತ್ತಿದ್ದರು. ಅವರೂ ಮೇಷ್ಟ್ರ ಕೈ ಮೇಲೆ ಕೈಯಿಟ್ಟು ಕಲಿತವರೇ. ಸೆರಗಿನಿಂದ ಮುಖ ಒರೆಸಿಕೊಂಡು, ಮಣೆ ಎಳೆದು ಅವರ ಎದುರಿಗೆ ಕುಳಿತೆ.

“ಇಬ್ಬರೂ ಎಡಗೈ ಕೊಡಿ,” ಎಂದೆ.