ನೊರೆ ಇಳಿಯುವವರೆಗೆ

ಔಷಧದ ವಿಷಯ ಪೂರ್ತಿ ತಿಳಿಯದೆ ಇದನ್ನು ಹೇಳಹೊರಟಿದ್ದೇನೆ, ತಪ್ಪಿದ್ದರೆ ಮನ್ನಿಸಬೇಕು. ಅವಳು ಗಾಜಿಗೆ ಬಡಿಯುತ್ತಿದ್ದಳು. ಅಷ್ಟು ಮಾತ್ರ ಖಂಡಿತ.

ಆಸ್ಪತ್ರೆಯ ಕೋಣೆಯ ಆ ಗಾಜಿನ ಆಚೆ, ಎರಡು ಬಾಗಿಲುಗಳ ನಡುವಿನ ಕಿರುಕೋಣೆಯಲ್ಲಿ, ಅವಳ ಗಂಡ ನಿಂತಿದ್ದ. ಮನೆಗಳಿಗೆ ಬಣ್ಣ ಬಳಿಯುವವನು. ಉಗುರಿನ ಸಂದಿಯಲ್ಲಿ ಇನ್ನೂ ನೀಲಿ ಇತ್ತು. ಈಚೆ ಮಂಚದ ಮೇಲೆ ಐದು ವರ್ಷದ ಮಗಳು ಗುಬ್ಬಿ. ಸೋಂಕಿನೊಡನೆ ಕಾದಾಡುವ ಶಕ್ತಿ ಹುಟ್ಟಿನಿಂದಲೇ ಅವಳ ರಕ್ತಕ್ಕಿರಲಿಲ್ಲ. ಬೇರೆ ಮಕ್ಕಳಿಗೆ ನೆಗಡಿಯಾಗಿ ಹೋಗುವ ವೈರಸ್ಸು ಇವಳ ಎದೆಯಲ್ಲಿ ಬೀಡುಬಿಟ್ಟಿತ್ತು. ಯಾರ್ಯಾರದೋ ರಕ್ತದಿಂದ ತೆಗೆದ, ಸೋಂಕನ್ನು ಎದುರಿಸುವ ಪ್ರತಿಕಾಯಗಳ ಬಾಟಲಿ ದೂರದ ಊರಿನಿಂದ ಇವಳಿಗಾಗಿ ಬಂದಿತ್ತು. ಒಂದೇ ಬಾಟಲಿ. ಇನ್ನೊಂದು ಬರಲು ವಾರ ಬೇಕು. ಗುಬ್ಬಿಯ ಉಸಿರು ಅಷ್ಟು ಕಾಯುವಂತಿರಲಿಲ್ಲ.

"ಕುಲುಕಬಾರದು, ನೊರೆ ಬಂದ್ರೆ ಮದ್ದು ಕೆಡಬಹುದು" ಎಂದು ಸಿಸ್ಟರ್ ಹೇಳಿದ್ದು ಗುಬ್ಬಿಯ ಅಮ್ಮನಿಗೆ. ಕೆಳಗಿನ ಔಷಧಾಲಯಕ್ಕೆ ಹೋಗಿ ತಂದವನು ಗಂಡ. ಪೆಟ್ಟಿಗೆಯಿಂದ ಬಾಟಲಿ ತೆಗೆದವನೇ, ಬಣ್ಣದ ಡಬ್ಬ ತೆರೆಯುವ ಮುನ್ನ ಮಾಡುವಂತೆ, ಚೆನ್ನಾಗಿ ಕುಲುಕಿದ.

ಬಾಗಿಲು ತೆರೆದರೆ ಹೊರಗಿನ ಗಾಳಿ ಮಗುವಿನ ಮೇಲೆ ಬರುತ್ತದೆ. ಅವಳು ಅಂಗೈಯಿಂದ ಬಡಿದಳು. "ಬೇಡ ರೀ! ಬೇಡ!" ಗಾಜು ದಪ್ಪ, ಬಾಯಿಗೆ ಮಾಸ್ಕು. ಹೆಂಡತಿಗೆ ಖುಷಿಯಾಗಿದೆ ಎಂದುಕೊಂಡು ಅವನು ಬಾಟಲಿಯನ್ನು ತಲೆಯ ಮೇಲೆತ್ತಿ ಇನ್ನಷ್ಟು ಆಡಿಸಿದ.

"ಅಪ್ಪ ಕುಣೀತಿದ್ದಾನೆ" ಎಂದಳು ಗುಬ್ಬಿ, ಆಕ್ಸಿಜನ್ ಕೊಳವೆಯ ಹಿಂದಿನಿಂದ.

ಸಿಸ್ಟರ್ ಓಡಿ ಬಂದು ಬಾಟಲಿ ಕಿತ್ತುಕೊಂಡರು. "ಸೋಪಿನ ನೀರು ಮಾಡಿಬಿಟ್ರಲ್ಲಣ್ಣಾ!"

"ತಳದಲ್ಲಿ ಗಟ್ಟಿ ಕೂತಿರುತ್ತೆ ಅಂತ..."

"ಇದು ಬಣ್ಣ ಅಲ್ಲ."

ಸಿಸ್ಟರ್ ಫೋನಿನಲ್ಲಿ ಡಾಕ್ಟರನ್ನು ಕೇಳಿದರು. ಸ್ವಲ್ಪ ಹೊತ್ತು ಇಟ್ಟು ನೋಡಿ, ಮದ್ದು ತಿಳಿಯಾಗಿದ್ದು ಒಳಗೆ ಕಣ ಕಾಣದಿದ್ದರೆ ಕೊಡೋಣ ಎಂದರಂತೆ. ಬಾಟಲಿ ಕಿರುಕೋಣೆಯ ಕಟ್ಟೆಯ ಮೇಲೆ ಕೂತಿತು. ಒಳಗಿನವರೊಡನೆ ಮಾತಾಡಲು ಗೋಡೆಗಿದ್ದ ಫೋನನ್ನು ಅವನು ಎತ್ತಿದ. ಈಚೆ ಅವಳೂ ಎತ್ತಿದಳು.

"ಬೈದುಬಿಡೇ."

"ಬೈದ್ರೆ ನೊರೆ ಇಳಿಯುತ್ತಾ?"

ಆಮೇಲೆ ಇಬ್ಬರೂ ಫೋನು ಹಿಡಿದೇ ನಿಂತರು. ಅವನು ಉಸಿರಾಡುವುದು ಅವಳಿಗೆ ಕೇಳುತ್ತಿತ್ತು. ಬೆನ್ನ ಹಿಂದೆ, ಮಗಳು ಉಸಿರೆಳೆಯಲು ಹೆಣಗುವುದೂ. ಗುಳ್ಳೆಗಳು ಒಂದೊಂದಾಗಿ ಒಡೆದವು. ಬಾಟಲಿಯ ಕತ್ತಿನ ಸುತ್ತ ನೊರೆಯ ತೆಳ್ಳನೆಯ ಬಿಳಿ ಬಳೆಯೊಂದು ಉಳಿಯಿತು. ಸಿಸ್ಟರ್ ಬಾಟಲಿಯನ್ನು ಬೆಳಕಿಗೆ ಹಿಡಿದು, ಬಹಳ ಹೊತ್ತು ನೋಡಿ, ಒಳಗೆ ತಂದು ತೂಗುಹಾಕಿದರು.

ಹನಿ ಇಳಿಯತೊಡಗಿತು. "ಅಪ್ಪಂಗೆ ಇನ್ನೊಂದ್ಸಲ ಕುಣಿಯಕ್ಕೆ ಹೇಳಮ್ಮಾ" ಎಂದಳು ಗುಬ್ಬಿ. ಗಾಜಿನಾಚೆ ಅವನು ಎರಡೂ ಕೈಗಳನ್ನು ಕಂಕುಳಲ್ಲಿ ಅವುಚಿಕೊಂಡು ನಿಂತಿದ್ದ, ಅಲುಗದೆ.

ಆ ನೊರೆಯಲ್ಲಿ ಮದ್ದು ಎಷ್ಟು ಕೆಟ್ಟಿತು, ಎಷ್ಟು ಉಳಿಯಿತು, ನನಗೆ ಗೊತ್ತಿಲ್ಲ. ಗೊತ್ತಿದ್ದರೆ ಮೊದಲೇ ಹೇಳಿಬಿಡುತ್ತಿದ್ದೆ.